ಅಂಡಾಶಯದಲ್ಲಿ 7 ಸೆಂ.ಮೀ. ಗಂಟು: ಅದೊಂದನ್ನೇ ತೆಗೆಸಬೇಕಾ, ಗರ್ಭಕೋಶನೂ ತೆಗೆಸಬೇಕಾ?

ಹೊಲಿಗೆಯಕ್ಕ, ಭರಮಸಾಗರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಎಂಟು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನನಗೀಗ 38. ಮಗಳು ಈ ವರ್ಷ ಪಿಯುಸಿ, ಮಗ ಎಂಟನೇ ಕ್ಲಾಸು. ಮಗ ಹುಟ್ಟಿದಾಗಲೇ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದೆ. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಅಂಗಡಿ. ದೀಪಾವಳಿಗೆ ಬ್ಲೌಸು ರಾಶಿ ಬಿದ್ದಿದ್ದಾಗ ಮೊದಲ ಸಲ ಗೊತ್ತಾಯ್ತು. ಪೆಡಲ್ ತುಳಿಯುವಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ ಏನೋ ಭಾರ. ನೋವು ಅಂತಲೂ ಹೇಳಕ್ಕಾಗಲ್ಲ, ಒಳಗೆ ಒಂದು ಮೂಸಂಬಿ ಇಟ್ಟುಕೊಂಡು ಕೂತ ಹಾಗೆ. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿದು ಸುಮ್ಮನಾದೆ. ಸಂಕ್ರಾಂತಿ ಹೊತ್ತಿಗೆ ಬಗ್ಗಿ ಬಟ್ಟೆ ಕತ್ತರಿಸೋಕೂ ಆಗದೆ, ಮಂಚದ ಮೇಲೆ ಹಾಸಿಕೊಂಡು ಕಟಿಂಗ್ ಮಾಡೋ ಹಾಗಾಯ್ತು. ಆಮೇಲೆ ಸ್ಕ್ಯಾನಿಂಗ್ ಮಾಡಿಸಿದೆ.

ರಿಪೋರ್ಟಿನಲ್ಲಿ ಇರೋದು ಇಷ್ಟು. ಬಲ ಅಂಡಾಶಯದಲ್ಲಿ 7.2 x 6.4 ಸೆಂ.ಮೀ. ಸಿಸ್ಟ್, ಒಳಗೆ ಗಟ್ಟಿ ಭಾಗ ಇದೆ, ಡರ್ಮಾಯ್ಡ್ ಇರಬಹುದು. ಎಡ ಅಂಡಾಶಯ ಸರಿ ಇದೆ, ಗರ್ಭಕೋಶ ಸರಿ ಇದೆ, ಹೊಟ್ಟೆಯಲ್ಲಿ ನೀರಿಲ್ಲ. ಸಿಎ-125 ಅನ್ನೋ ರಕ್ತಪರೀಕ್ಷೆ 28 ಬಂದಿದೆ. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತೆ, ಜಾಸ್ತಿ ಹೋಗೋದೂ ಇಲ್ಲ.

ಮೊದಲು ತೋರಿಸಿದ ಖಾಸಗಿ ಆಸ್ಪತ್ರೆಯಲ್ಲಿ ರಿಪೋರ್ಟ್ ನೋಡಿ ಐದು ನಿಮಿಷದಲ್ಲಿ ತೀರ್ಮಾನ ಮಾಡಿದರು. ಹೊಟ್ಟೆ ಕೊಯ್ದು ಗಂಟು, ಗರ್ಭಕೋಶ, ಎರಡೂ ಅಂಡಾಶಯ ಒಟ್ಟಿಗೆ ತೆಗೆದುಬಿಡೋಣ ಅಂದರು. "ಮಕ್ಕಳಾಗಿವೆಯಲ್ಲ, ಇನ್ನೇನು ಉಪಯೋಗ ಅದರಿಂದ? ಇಟ್ಕೊಂಡ್ರೆ ನಾಳೆ ಕ್ಯಾನ್ಸರ್ ಆಗುತ್ತೆ" ಅಂದರು. ಸೋಮವಾರ ಬಂದು ಅಡ್ಮಿಟ್ ಆಗಿ, 20 ಸಾವಿರ ಮುಂಗಡ ಕಟ್ಟಿ ಅಂತ. ನಮ್ಮ ಯಜಮಾನರು ಲಾರಿ ಓಡಿಸೋರು, ಎಂಥ ರಾತ್ರಿಯಲ್ಲೂ ಧೈರ್ಯ ಬಿಡೋರಲ್ಲ. ಕ್ಯಾನ್ಸರ್ ಅನ್ನೋ ಮಾತು ಕೇಳಿದ್ದೇ ಅವರ ಮುಖ ಬಿಳಿಚಿಕೊಂಡಿತು. ಸ್ಕ್ಯಾನಿಂಗ್ ಫಿಲಂ ಕೊಡಿ ಅಂದರೆ "ನಮ್ಮ ಹತ್ರಾನೇ ಇರಲಿ, ಹೇಗೂ ಬರ್ತೀರಲ್ಲ" ಅಂದರು. ರಿಪೋರ್ಟನ್ನು ಮಗಳು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದಳು, ಪುಣ್ಯ.

ಆ ಫೋಟೋ ಹಿಡಿದುಕೊಂಡು ದಾವಣಗೆರೆಗೆ ಹೋಗಿ ಇನ್ನೊಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ತಿರುಗಿ ಸ್ಕ್ಯಾನ್ ಮಾಡಿ, ಲ್ಯಾಪ್ರೋಸ್ಕೋಪಿಯಲ್ಲಿ ಗಂಟು ಮಾತ್ರ ಬಿಡಿಸಿ ತೆಗೀಬಹುದು, ಅಂಡಾಶಯ ಉಳಿಸೋಕೆ ನೋಡ್ತೀನಿ, ಆಗದಿದ್ದರೆ ಬಲಗಡೆಯದು ಒಂದೇ ತೆಗೀಬೇಕಾಗುತ್ತೆ, ಗರ್ಭಕೋಶ ಮುಟ್ಟೋ ಅಗತ್ಯ ಇಲ್ಲ ಅಂದರು.

ಇಬ್ಬರೂ ಓದಿದವರೇ. ನಾನು ಯಾರ ಮಾತು ನಂಬಲಿ?

ಅತ್ತೆ "ಒಂದೇ ಸಲಕ್ಕೆ ಎಲ್ಲಾ ತೆಗೆಸಿ ನಿರಾಳ ಆಗು" ಅಂತಾರೆ. ಅವರ ಸ್ವಂತ ಅಕ್ಕ ಹೊಟ್ಟೆಯಲ್ಲಿ ಗಡ್ಡೆಯಾಗಿ ಆರೇ ತಿಂಗಳಲ್ಲಿ ತೀರಿಕೊಂಡರು, ಕೊನೆಯವರೆಗೂ ನೋಡಿಕೊಂಡವರು ಇವರೇ. ಅವರ ಹೆದರಿಕೆ ನನಗೆ ಅರ್ಥವಾಗುತ್ತೆ. ಆದರೆ ನನ್ನ ನಾದಿನಿಯನ್ನೂ ಕಣ್ಣಾರೆ ನೋಡ್ತಿದೀನಿ. 34ನೇ ವಯಸ್ಸಿಗೆ ಬಿಳಿಸೆರಗು ಅಂತ ಹೋದವಳಿಗೆ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದು ಕಳಿಸಿದರು. ಈರುಳ್ಳಿ ಹೊಲದಲ್ಲಿ ದಿನವಿಡೀ ಕಳೆ ತೆಗೀತಿದ್ದ ಹೆಂಗಸು, ಈಗ 41ಕ್ಕೆ ಮಂಡಿ ಹಿಡಿದುಕೊಂಡು ಏಳ್ತಾಳೆ. ರಾತ್ರಿ ಮೈ ಬೆಂಕಿ ಹತ್ತಿದ ಹಾಗೆ ಆಗುತ್ತೆ ಅಂತ ಅಂಗಳಕ್ಕೆ ಬಂದು ಕೂರ್ತಾಳೆ. ಬ್ಲೌಸಿನ ಒಂದು ಹುಕ್ಕು ಕಿತ್ತು ಬಂದರೆ ನಾವು ಹುಕ್ಕು ಹಾಕಿಕೊಡ್ತೀವಿ, ತೋಳು ಕತ್ತರಿಸಲ್ಲ.

ಇದನ್ನು ಅನುಭವಿಸಿದವರು ಹೇಳಿ. ಕಾಯ್ದರೆ ಅಪಾಯವಾ? ಬೆಂಗಳೂರಿಗೇ ಹೋಗಬೇಕಾ? ಡಾಕ್ಟರ ಹತ್ತಿರ ಏನೇನು ಕೇಳಬೇಕು? ಅವರ ಎದುರಿಗೆ ಕೂತರೆ ನನಗೆ ಬಾಯೇ ಬರಲ್ಲ.

ಟೈಪಿಸ್ಟ್, ನಿಟುವಳ್ಳಿ

ಅಕ್ಕಾ, ನನ್ನದೂ ಡರ್ಮಾಯ್ಡೇ. ಎರಡು ವರ್ಷದ ಹಿಂದೆ, 29ನೇ ವಯಸ್ಸಿನಲ್ಲಿ, ಎಡಗಡೆ 6 ಸೆಂ.ಮೀ. ಇತ್ತು. ಇಲ್ಲೇ ದಾವಣಗೆರೆಯಲ್ಲೇ ಲ್ಯಾಪ್ರೋಸ್ಕೋಪಿ ಆಯ್ತು. ಹೊಕ್ಕುಳ ಹತ್ತಿರ ಒಂದು, ಕೆಳಗೆ ಎರಡು ಸಣ್ಣ ತೂತು. ಮೂರನೇ ದಿನ ಮನೆಗೆ ಬಂದೆ. ಹೊಟ್ಟೆಗಿಂತ ಹೆಗಲು ನೋವು ಜಾಸ್ತಿ ಇತ್ತು, ನಾನು ಹೆದರಿಬಿಟ್ಟಿದ್ದೆ. ಹೊಟ್ಟೆ ಉಬ್ಬಿಸೋಕೆ ತುಂಬುವ ಗ್ಯಾಸಿನಿಂದ ಹಾಗಾಗುತ್ತಂತೆ, ಎರಡು ದಿನದಲ್ಲಿ ಹೋಯ್ತು. ನಿಮಗೆ ಮೊದಲೇ ಗೊತ್ತಿರಲಿ ಅಂತ ಹೇಳಿದೆ. ತೆಗೆದಿದ್ದನ್ನು ನಮ್ಮೆಜಮಾನ್ರಿಗೆ ಟ್ರೇನಲ್ಲಿ ತೋರಿಸಿದ್ರಂತೆ, ಒಳಗೆ ಬೆಣ್ಣೆಯಂಥ ಜಿಡ್ಡು, ಅದರಲ್ಲಿ ಕೂದಲಿನ ಉಂಡೆ! ಕೆಲವರಿಗೆ ಹಲ್ಲೂ ಇರುತ್ತಂತೆ. ಅದು ದೆವ್ವದ ಕಾಟ ಅಲ್ಲ, ಮಾಟ ಅಲ್ಲ. ನಮ್ಮನೇಲಿ ಆ ಮಾತೂ ಬಂದಿತ್ತು, ಅದಕ್ಕೇ ಬರೀತಿದೀನಿ. ಅಂಡಾಣುವಿನಲ್ಲಿ ಚರ್ಮ, ಕೂದಲು ಎಲ್ಲ ಆಗೋ ಶಕ್ತಿ ಹುಟ್ಟಾ ಇರುತ್ತೆ, ಅದು ದಾರಿ ತಪ್ಪಿ ಬೆಳೆದಾಗ ಹೀಗಾಗೋದು ಅಂತ ಡಾಕ್ಟರ್ ಬಿಡಿಸಿ ಹೇಳಿದರು.

ನಾನು ಮುಖ್ಯವಾಗಿ ಹೇಳಬೇಕಾಗಿರೋದು ಒಪ್ಪಿಗೆ ಪತ್ರದ ವಿಷಯ. ನಾನು ಕೆಲಸ ಮಾಡೋದು ವಕೀಲರ ಆಫೀಸಿನಲ್ಲಿ, ಟೈಪಿಂಗು. ಆಪರೇಷನ್ನಿನ ಹಿಂದಿನ ರಾತ್ರಿ ನರ್ಸ್ ತಂದುಕೊಟ್ಟ ಫಾರಂ ಇಂಗ್ಲಿಷಿನಲ್ಲಿತ್ತು, ಅರ್ಧ ಖಾಲಿ ಇತ್ತು. ಸಹಿ ಮಾಡಿ ಅಂದರು. ನಾನು ಕನ್ನಡದ್ದು ಕೊಡಿ, ಡಾಕ್ಟರ್ ತುಂಬಿಸಿದ ಮೇಲೆ ಸಹಿ ಮಾಡ್ತೀನಿ ಅಂದೆ. ಬೇಜಾರು ಮಾಡಿಕೊಂಡರೂ ಕೊಟ್ಟರು. ಡಾಕ್ಟರೇ ಬಂದು "ಎಡ ಅಂಡಾಶಯದ ಸಿಸ್ಟ್ ತೆಗೆಯುವುದು, ಅಂಡಾಶಯ ಉಳಿಸಲಾಗದಿದ್ದರೆ ಅದೊಂದನ್ನೇ ತೆಗೆಯುವುದು" ಅಂತ ಬರೆದರು. ಅದರ ಕೆಳಗೆ ನನ್ನ ಕೈಯಿಂದ "ಗರ್ಭಕೋಶ ತೆಗೆಯಲು ಒಪ್ಪಿಗೆ ಇಲ್ಲ" ಅಂತ ಬರೆದು ಸಹಿ ಹಾಕಿದೆ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿದೆ. ದೆಹಲಿಯ ಹೆಣ್ಣುಮಗಳು, ಲ್ಯಾಪ್ರೋಸ್ಕೋಪಿಯಲ್ಲಿ ಒಳಗೆ ನೋಡೋಕೆ ಅಂತ ಒಪ್ಪಿ ಮಲಗಿದ್ದಳು. ಅವಳಿಗೆ ಎಚ್ಚರ ಇಲ್ಲದಾಗ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟಿದ್ದರು. ಜೀವಕ್ಕೇ ಅಪಾಯ ಅನ್ನೋ ತುರ್ತು ಇಲ್ಲದಿದ್ದರೆ, ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆಯನ್ನು ಅವಳೇ ಕೊಡಬೇಕು, ತಾಯಿ ಕೊಟ್ಟಿದ್ದು ಸಾಲದು ಅಂತ ಕೋರ್ಟು ಹೇಳ್ತು. ನಿಮ್ಮ ಪರವಾಗಿ ಯಜಮಾನರೂ ಅತ್ತೆಯೂ ಸಹಿ ಹಾಕಿದರೆ ಸಾಕು ಅಂತ ಯಾರಾದರೂ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ ಅಕ್ಕ.

ಅಡಿಕೆ ತೋಟ, ಹೊಳಲ್ಕೆರೆ

ನಮ್ಮ ತಂಗಿಗೂ ಓವರಿಯಲ್ಲಿ ನೀರಿನ ಗುಳ್ಳೆ 4 ಸೆಂ.ಮೀ. ಇತ್ತು ಮೇಡಂ. ಆಪರೇಷನ್ ಏನೂ ಮಾಡಿಸಲಿಲ್ಲ. ನಾಟಿ ವೈದ್ಯರ ಕಷಾಯ ಎರಡು ತಿಂಗಳು ಕುಡಿದಳು, ಮತ್ತೆ ಸ್ಕ್ಯಾನ್ ಮಾಡಿದಾಗ ಪೂರ್ತಿ ಹೋಗಿತ್ತು. ಹೊಟ್ಟೆಗೆ ಕತ್ತರಿ ಹಾಕಿಸೋ ಮುಂಚೆ ಅದನ್ನೂ ಒಂದು ಸಲ ನೋಡಿ ಅಂತ ನನ್ನ ಅಭಿಪ್ರಾಯ. ಬೇಕಿದ್ದರೆ ವಿಳಾಸ ಕಳಿಸ್ತೀನಿ.

ನಿವೃತ್ತ ಸಿಸ್ಟರ್, ವಿನೋಬನಗರ, ದಾವಣಗೆರೆ

ತಂಗಿ, 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಅದರಲ್ಲಿ ಹೆಚ್ಚಿನ ಕಾಲ ಹೆಂಗಸರ ವಾರ್ಡು, ಥಿಯೇಟರು. ಡಾಕ್ಟರ್ ಅಲ್ಲ. ನೋಡಿದ್ದನ್ನು ಹೇಳ್ತೀನಿ.

ಮೊದಲು ಹೊಳಲ್ಕೆರೆಯವರಿಗೆ. ನಿಮ್ಮ ತಂಗಿ ಗುಣವಾಗಿದ್ದು ಸಂತೋಷ. ಆದರೆ ಅದು ಕಷಾಯದಿಂದ ಹೋಗಿದ್ದಲ್ಲಪ್ಪ. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾಗೋ ಚೀಲ ಕೆಲವು ಸಲ ಒಡೆಯದೆ ನೀರು ತುಂಬಿಕೊಳ್ಳುತ್ತೆ. ಬರೀ ನೀರಿರೋ, ತೆಳು ಗೋಡೆಯ ಅಂಥ ಸಿಸ್ಟು ಎರಡು ಮೂರು ಮುಟ್ಟು ಕಳೆಯೋದರೊಳಗೆ ತಾನಾಗಿ ಇಳಿದುಹೋಗುತ್ತೆ. ಮುಟ್ಟು ನಿಲ್ಲದವರಲ್ಲಿ 5 ಸೆಂ.ಮೀ. ಒಳಗಿನ ಅಂಥದಕ್ಕೆ ಸಾಮಾನ್ಯವಾಗಿ ಏನೂ ಮಾಡಲ್ಲ. ಮಾತ್ರೆ ಕೊಟ್ಟರೂ ಕೊಡದಿದ್ದರೂ ಅದು ಹೋಗೋದು ಅದರ ಪಾಡಿಗೆ. ಭರಮಸಾಗರದ ತಂಗಿಯದು ಆ ಜಾತಿಯಲ್ಲ. ಅದರಲ್ಲಿರೋದು ಜಿಡ್ಡು, ಕೂದಲು. ಯಾವ ಕಷಾಯಕ್ಕೂ ಯಾವ ಮಾತ್ರೆಗೂ ಕರಗಲ್ಲ. ಎರಡು ತಿಂಗಳು ಸುಮ್ಮನೆ ಹೋಗುತ್ತೆ ಅಷ್ಟೆ, ದಯವಿಟ್ಟು ಆ ದಾರಿಗೆ ಕಳಿಸಬೇಡಿ.

ಈಗ ನಿನ್ನ ಮಾತು. ನಿನ್ನ ಮುಂದೆ ಇರೋದು ಎರಡು ಬೇರೆ ಬೇರೆ ತೀರ್ಮಾನ. ಗಂಟು ತೆಗೆಸಬೇಕಾ ಅನ್ನೋದು ಒಂದು, ಗರ್ಭಕೋಶ ತೆಗೆಸಬೇಕಾ ಅನ್ನೋದು ಇನ್ನೊಂದು. ಮೊದಲಿನ ಆಸ್ಪತ್ರೆಯವರು ಎರಡನ್ನೂ ಒಂದೇ ಗಂಟು ಕಟ್ಟಿ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ನಿನಗೆ ದಾರಿ ಕಾಣ್ತಿಲ್ಲ. ಬಿಚ್ಚಿ ನೋಡು.

ಗಂಟು: ತೆಗೆಸೋದು ಒಳ್ಳೇದು. 7 ಸೆಂ.ಮೀ. ದಾಟಿದೆ, ನಿನಗೆ ತೊಂದರೆ ಕೊಡ್ತಿದೆ. ಕ್ಯಾನ್ಸರ್ ಭಯ ಇಲ್ಲಿ ಕಡಿಮೆ, ಡರ್ಮಾಯ್ಡ್ ಕೆಡೋದು ನೂರರಲ್ಲಿ ಒಂದೆರಡು, ಅದೂ ಬಹುಮಟ್ಟಿಗೆ ಮುಟ್ಟು ನಿಂತವರಲ್ಲಿ. ನಿಜವಾದ ಭಯ ಬೇರೆ. ಜಿಡ್ಡು ತುಂಬಿ ಭಾರವಾದ ಅಂಡಾಶಯ ತನ್ನ ತೊಟ್ಟಿನ ಮೇಲೆ ತಾನೇ ತಿರುಚಿಕೊಳ್ಳುತ್ತೆ. ಜಗಳೂರು ಕಡೆಯ ಒಬ್ಬ ಹುಡುಗಿಯನ್ನು ರಾತ್ರಿ ಹನ್ನೊಂದಕ್ಕೆ ಕರೆದುಕೊಂಡು ಬಂದಿದ್ದರು. ಬೆಳಿಗ್ಗೆಯಿಂದ ಹೊಟ್ಟೆನೋವು, ವಾಂತಿ. ಪಿತ್ತ ಅಂತ ನಿಂಬೆ ಷರಬತ್ತು ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದರು. ಹೊಟ್ಟೆ ತೆರೆದಾಗ ಅಂಡಾಶಯ ಮೂರು ಸುತ್ತು ತಿರುಚಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಳಿಯಲಿಲ್ಲ. ಅವಳಿಗೆ ಹತ್ತೊಂಬತ್ತು ವರ್ಷ. ಆದ್ದರಿಂದ ಇದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೋ. ಒಮ್ಮೆಲೇ ಒಂದು ಕಡೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಸೋಮವಾರ, ಅಮಾವಾಸ್ಯೆ ಏನೂ ನೋಡಬೇಡ. 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗು, "ಅಂಡಾಶಯದಲ್ಲಿ ಗಂಟಿದೆ" ಅಂತ ಬಾಗಿಲಲ್ಲೇ ಹೇಳು. ಅಂಥದ್ದು ಇಲ್ಲದಿದ್ದರೆ ಕೆಲವು ವಾರ ಯೋಚನೆ ಮಾಡೋಕೆ ನಿನಗೆ ಸಮಯ ಇದೆ. ಸೋಮವಾರವೇ ಬನ್ನಿ ಅನ್ನೋ ಆತುರಕ್ಕೆ ನೀನು ಬರೆದಿದ್ದರಲ್ಲಿ ಕಾರಣ ಕಾಣ್ತಿಲ್ಲ.

ಸಿಎ-125 ಅಂಡಾಶಯದ ಕ್ಯಾನ್ಸರ್ ಅನುಮಾನ ನೋಡೋಕೆ ಮಾಡೋ ಪರೀಕ್ಷೆ. ಮಾಮೂಲಿ 35ರ ಒಳಗೆ ಇರಬೇಕು, ನಿನ್ನದು 28. ಅದೊಂದನ್ನೇ ನೋಡಿ ಹೆದರೋದೂ ತಪ್ಪು, ನಿರಾಳ ಆಗೋದೂ ತಪ್ಪು. ಮುಟ್ಟಿನ ದಿನ, ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗಂಟು), ಫೈಬ್ರಾಯ್ಡ್ (ಗರ್ಭಕೋಶದ ಮಾಮೂಲಿ ಗಡ್ಡೆ), ಹೊಟ್ಟೆಯ ಟಿಬಿ, ಯಾವುದಕ್ಕೆ ಬೇಕಾದರೂ ಏರುತ್ತೆ. ಅದಕ್ಕೇ ಡಾಕ್ಟರು ಒಂದು ಗುಣಾಕಾರ ಮಾಡ್ತಾರೆ. ಸ್ಕ್ಯಾನಿನಲ್ಲಿ ಅನುಮಾನದ ಲಕ್ಷಣ ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ಆಗ್ತಿದ್ದರೆ 1, ನಿಂತಿದ್ದರೆ 3. ಇವೆರಡನ್ನೂ ಸಿಎ-125ರ ಸಂಖ್ಯೆಗೆ ಗುಣಿಸಬೇಕು. ಗಟ್ಟಿ ಭಾಗ ಅಂತ ಬರೆದಿರೋದನ್ನು ಒಂದು ಲಕ್ಷಣ ಅಂತ ಹಿಡಿದರೂ ನಿನ್ನದು 1 x 1 x 28, ಅಂದರೆ 28. 200 ದಾಟಿದರೆ ಕ್ಯಾನ್ಸರ್ ತಜ್ಞರಿಗೆ ಕಳಿಸೋ ಲೆಕ್ಕ. ನಿನ್ನ ಡಾಕ್ಟರಮ್ಮನ ಹತ್ತಿರ ಇದನ್ನು ಮಾಡಿಸು. 40ರೊಳಗಿನವರಿಗೆ ಗಟ್ಟಿ ಭಾಗ ಕಂಡಾಗ ಎಲ್‌ಡಿಎಚ್, ಎಎಫ್‌ಪಿ, ಎಚ್‌ಸಿಜಿ ಅಂತ ಮೂರು ರಕ್ತಪರೀಕ್ಷೆ ಮಾಡಿಸೋ ಪದ್ಧತಿ ಇದೆ, ಅದನ್ನೂ ಕೇಳು.

ಇನ್ನು ಗರ್ಭಕೋಶ. ಸ್ಕ್ಯಾನಿನಲ್ಲಿ ಸರಿ ಇದೆ, ಮುಟ್ಟು ಸರಿ ಇದೆ. ಮತ್ತೆ ಯಾಕೆ ತೆಗೀಬೇಕು? "ಮಕ್ಕಳಾಗಿವೆ" ಅನ್ನೋದು ಒಂದು ಕಾಯಿಲೆಯ ಹೆಸರಲ್ಲ. ನನ್ನ ಸರ್ವಿಸಿನಲ್ಲಿ ಈ ಮಾತು ಕೇಳಿ ಕೇಳಿ ನನಗೆ ಹೊಟ್ಟೆ ಉರಿದಿದೆ. ಎರಡೂ ಅಂಡಾಶಯ 38ಕ್ಕೆ ತೆಗೆದರೆ ಮರುದಿನವೇ ಮುಟ್ಟು ನಿಂತ ದೇಹ ಅದು. ಮೂಳೆ ಸವೆಯುತ್ತೆ, ಹೃದಯದ ಕಾಯಿಲೆ ಬೇಗ ಬರಬಹುದು, ಹಾರ್ಮೋನ್ ಮಾತ್ರೆ ಐವತ್ತರವರೆಗೆ ಬೇಕಾಗಬಹುದು. ನಿನ್ನ ನಾದಿನಿಯ ಮೈ ಬೆಂಕಿಗೂ ಮಂಡಿಗೂ ಇದೇ ಕಾರಣ ಇದ್ದೀತು, ಅವಳನ್ನೂ ಒಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸು. ಅದಕ್ಕೂ ಚಿಕಿತ್ಸೆ ಇದೆ, ಅನುಭವಿಸಿಕೊಂಡು ಕೂರಬೇಕಾಗಿಲ್ಲ. ಬೇಡದ ಗರ್ಭಕೋಶ ಆಪರೇಷನ್ ತಡೆಯೋಕೆ ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಅಷ್ಟು ದೊಡ್ಡ ಕಾಯಿಲೆ ಇದು ನಮ್ಮ ದೇಶದಲ್ಲಿ.

ಅತ್ತೆಯವರಿಗೆ ಒಂದು ಮಾತು ಹೇಳು. ಅವರ ಅಕ್ಕನಿಗೆ ಬಂದಿದ್ದು ನಿನ್ನ ರಕ್ತಕ್ಕೆ ಬರೋದಲ್ಲ. ನಿನ್ನ ತಾಯಿ, ಅಕ್ಕತಂಗಿ, ಚಿಕ್ಕಮ್ಮ ದೊಡ್ಡಮ್ಮ, ಅಪ್ಪನ ಕಡೆಯ ಸೋದರತ್ತೆಯರು, ಇವರಲ್ಲಿ ಯಾರಿಗಾದರೂ ಅಂಡಾಶಯ ಅಥವಾ ಸ್ತನದ ಕ್ಯಾನ್ಸರ್ ಆಗಿತ್ತಾ? ಆಗಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಆಗ ಲೆಕ್ಕ ಬೇರೆ.

ಫಿಲಂ ವಾಪಸ್ ತಗೋ. ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಿಯಮವೇ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸು, ಚಿತ್ರದುರ್ಗ ಜಿಲ್ಲಾಸ್ಪತ್ರೆ ಆಗಲಿ, ಇಲ್ಲಿ ಚಿಗಟೇರಿ ಆಸ್ಪತ್ರೆ ಆಗಲಿ. ಅಲ್ಲಿ ಆಗಲ್ಲ ಅಂದರೆ ಅವರೇ ರೆಫರಲ್ ಬರೆದುಕೊಡ್ತಾರೆ. ಮುಂಗಡ ಕಟ್ಟಿದ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನ ಇಲ್ಲ.

ಹೊಲಿಗೆಯಕ್ಕ, ಭರಮಸಾಗರ

ಸಿಸ್ಟರ್, ನಿಮ್ಮ ಕಾಲು ಮುಟ್ಟಿ ನಮಸ್ಕಾರ. ತವರುಮನೆಗೆ ಫೋನ್ ಮಾಡಿ ಅಮ್ಮನ ಹತ್ತಿರ ಎಲ್ಲ ಕೇಳಿದೆ. ಎರಡೂ ಕಡೆ ಯಾರಿಗೂ ಅಂಥದ್ದು ಆಗಿಲ್ಲ. ನೀವು ಬರೆದಿದ್ದನ್ನು ಮಗಳು ಅತ್ತೆಗೆ ಜೋರಾಗಿ ಓದಿ ಹೇಳಿದಳು. "ನಿನ್ನ ರಕ್ತಕ್ಕೆ ಬರೋದಲ್ಲ" ಅನ್ನೋದನ್ನು ಎರಡು ಸಲ ಓದಿಸಿದರು. ಆಮೇಲೆ ಅವರ ಅಕ್ಕನ ಹೆಸರು ಹೇಳಿ ಅತ್ತರು. ಬೆಂಗಳೂರಿನ ಬಗ್ಗೆ ಯಾರಾದರೂ ಹೇಳ್ತೀರಾ?

ವಾಣಿವಿಲಾಸ ಕಾಲುವೆ, ಹಿರಿಯೂರು

ನಾನು ಹೇಳ್ತೀನಿ. ನಮ್ಮಮ್ಮನಿಗೆ 61. ಮುಟ್ಟು ನಿಂತು ಹನ್ನೆರಡು ವರ್ಷ ಆಗಿತ್ತು. ಊಟ ಸೇರ್ತಿರಲಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನೋರು, ಸೀರೆ ಸೊಂಟಕ್ಕೆ ಬಿಗಿ ಆಗ್ತಿತ್ತು. ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ಮೂರು ತಿಂಗಳು ಕಳೆದೆವು, ಅದು ನನ್ನ ತಪ್ಪು. ಸ್ಕ್ಯಾನಿನಲ್ಲಿ 9 ಸೆಂ.ಮೀ. ಗಂಟು, ಒಳಗೆ ಅಡ್ಡಗೋಡೆಗಳು, ಗಟ್ಟಿ ಭಾಗ, ಹೊಟ್ಟೆಯಲ್ಲಿ ನೀರು. ಸಿಎ-125 412. ಸಿಸ್ಟರ್ ಹೇಳಿದ ಗುಣಾಕಾರ ಮಾಡಿದರೆ 3 x 3 x 412, ಅಂದರೆ 3708.

ನಮ್ಮ ಅದೃಷ್ಟ, ಇಲ್ಲಿಯ ಸರ್ಜನ್ "ನಾನು ಇದನ್ನು ಮುಟ್ಟಲ್ಲ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ" ಅಂದರು. ಆ ಮನುಷ್ಯನಿಗೆ ಇವತ್ತಿಗೂ ಕೈ ಮುಗೀತೀನಿ. ಕ್ಯಾನ್ಸರ್ ಅನುಮಾನ ಇದ್ದರೆ ಮೊದಲ ಆಪರೇಷನ್ನೇ ಸ್ತ್ರೀರೋಗ ಕ್ಯಾನ್ಸರ್ ಸರ್ಜನ್ ಮಾಡಬೇಕಂತೆ. ಗಂಟನ್ನು ಒಡೆಯದ ಹಾಗೆ ತೆಗೆಯೋದು, ಹೊಟ್ಟೆಯೊಳಗಿನ ನೀರು, ಪರದೆ, ಬೇರೆ ಬೇರೆ ಜಾಗದ ತುಣುಕು ಪರೀಕ್ಷೆಗೆ ಕಳಿಸೋದು, ಎಲ್ಲ ಒಂದೇ ಸಲ ಆಗಬೇಕು. ಅರ್ಧ ಮಾಡಿ ಕಳಿಸಿದರೆ ಮತ್ತೆ ಹೊಟ್ಟೆ ತೆರೀಬೇಕು. ನಮ್ಮಮ್ಮನಿಗೆ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು, ತೆಗೆಯಲೇಬೇಕಿತ್ತು. ಕೀಮೋ ಆರು ಸಲ ಆಯ್ತು. ಈಗ ಮನೆಯಲ್ಲಿದ್ದಾರೆ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರ್ತೀವಿ.

ಅಕ್ಕ, ನಿಮ್ಮದು ಓದಿದರೆ ನಮ್ಮಮ್ಮನ ಥರದ್ದು ಅನ್ನಿಸಲ್ಲ. ದಾವಣಗೆರೆ ಡಾಕ್ಟರಮ್ಮನ ಲೆಕ್ಕದಲ್ಲಿ ಏನಾದರೂ ಅನುಮಾನ ಬಂದರೆ ಮಾತ್ರ ತಡ ಮಾಡದೆ ಹೋಗಿ. ಕಿದ್ವಾಯಿ ಹೊಸೂರು ರಸ್ತೆಯಲ್ಲಿದೆ. ಬೆಳಿಗ್ಗೆ ಬೇಗ ಸರದಿಗೆ ನಿಲ್ಲಿ, ಎಲ್ಲ ಪೇಪರೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಬಿಪಿಎಲ್ ಕಾರ್ಡು ಆಧಾರ್ ಮರೀಬೇಡಿ. ಒಬ್ಬರೇ ಹೋಗಬೇಡಿ, ಒಬ್ಬರು ಸರದಿಯಲ್ಲಿ ನಿಂತರೆ ಒಬ್ಬರು ಊಟ ತರೋಕಾದರೂ ಬೇಕು.

ಟೈಪಿಸ್ಟ್, ನಿಟುವಳ್ಳಿ

ಬಾಯಿ ಬರಲ್ಲ ಅಂದಿರಲ್ಲ ಅಕ್ಕ, ಚೀಟಿಯಲ್ಲಿ ಬರೆದುಕೊಂಡು ಹೋಗಿ, ನಾನೂ ಹಾಗೇ ಮಾಡಿದ್ದು. ಇಂಥ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡ್ತೀರಿ, ಗಂಟನ್ನು ಒಳಗೇ ಚೀಲದಲ್ಲಿ ಹಾಕಿ ತೆಗೀತೀರಾ (ಜಿಡ್ಡು ಹೊಟ್ಟೆಯೊಳಗೆ ಚೆಲ್ಲಿದರೆ ಉರಿಯೂತ ಆಗುತ್ತೆ), ತೆಗೆದದ್ದನ್ನು ಬಯಾಪ್ಸಿಗೆ ಕಳಿಸ್ತೀರಾ, ರಿಪೋರ್ಟ್ ನನ್ನ ಕೈಗೆ ಕೊಡ್ತೀರಾ. ಸೂಜಿ ಚುಚ್ಚಿ ನೀರು ತೆಗೀತೀವಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಹೊಲಿಗೆಯಕ್ಕ, ಭರಮಸಾಗರ

ಐದು ವಾರ ಆಯ್ತು, ಬರೀತೀನಿ ಅಂತ ಹೇಳಿ ಬರೆದಿರಲಿಲ್ಲ, ಕ್ಷಮಿಸಿ.

ಮೂರೂ ರಕ್ತಪರೀಕ್ಷೆ ಸರಿ ಬಂತು. ಡಾಕ್ಟರಮ್ಮ ಲೆಕ್ಕ ಹಾಕಿ, ಬೆಂಗಳೂರು ಬೇಡ ಅಂದರು. ಚೀಟಿ ತೆಗೆದು ಓದಿದಾಗ ಕೈ ನಡುಗ್ತಿತ್ತು. ಅವರು ಚೀಟಿ ಈಸ್ಕೊಂಡು ಒಂದೊಂದಕ್ಕೂ ಪಕ್ಕದಲ್ಲೇ ಉತ್ತರ ಬರೆದುಕೊಟ್ಟರು. ಆ ಚೀಟಿ ಇನ್ನೂ ನನ್ನ ಅಳತೆ ಪುಸ್ತಕದಲ್ಲಿದೆ. ಫಾರಂನಲ್ಲಿ ನನ್ನ ಕೈಯಿಂದಲೇ ಬರೆದೆ: ಗರ್ಭಕೋಶ ಮತ್ತು ಎಡ ಅಂಡಾಶಯ ತೆಗೆಯಲು ಒಪ್ಪಿಗೆ ಇಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು, ಏನೂ ಅನ್ನಲಿಲ್ಲ.

ಆಪರೇಷನ್ ಎರಡು ಗಂಟೆ ಹಿಡೀತು. ಗಂಟು ಪೂರ್ತಿ ಬಂತು, ಬಲಗಡೆಯ ಅಂಡಾಶಯ ಅರ್ಧಕ್ಕಿಂತ ಹೆಚ್ಚು ಉಳೀತು. ಹೆಗಲು ನೋವು ಬಂದಾಗ ನಿಟುವಳ್ಳಿ ತಂಗಿ ನೆನಪಾದಳು, ಹೆದರಲಿಲ್ಲ. ಒಂಬತ್ತನೇ ದಿನ ಬಯಾಪ್ಸಿ ರಿಪೋರ್ಟ್ ಬಂತು, ಕೆಟ್ಟದ್ದೇನೂ ಇಲ್ಲ. ಇನ್ನೊಂದು ಕಡೆಗೂ ಹತ್ತರಲ್ಲಿ ಒಬ್ಬರಿಗೆ ಬರಬಹುದಂತೆ, ಅದಕ್ಕೆ ವರ್ಷಕ್ಕೊಮ್ಮೆ ಸ್ಕ್ಯಾನ್ ಅಂದಿದ್ದಾರೆ. ಮೊನ್ನೆ ಮುಟ್ಟೂ ಆಯ್ತು. ಅದಕ್ಕೆ ಇಷ್ಟು ಸಂತೋಷ ಪಟ್ಟಿದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಮುಂದಿನ ಬುಧವಾರ ನಾದಿನಿಯನ್ನು ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗ್ತಿದೀನಿ. ಅವಳಿಗೂ ಒಂದು ಚೀಟಿ ಬರೀಬೇಕು. ಮೂಳೆ ಪರೀಕ್ಷೆಗೆ ಏನೇನು ಕೇಳಬೇಕು ಸಿಸ್ಟರ್?